ಹೇವರ್ಡಿನ ಚಿನ್ನದ ಪಟ್ಟಿಗಳು

ಕಳೆದ ತಿಂಗಳು ಮಗಳ ಜೊತೆ ಸಾಂಟಾ ಕ್ಲಾರಾದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿಯೊಂದಕ್ಕೆ ಹೋಗಿದ್ದೆ. ಮರುದಿನ ಅವಳ ಹೈಸ್ಕೂಲಿನ ಗ್ರಾಜುಯೇಶನ್. ಎಲ್ ಕಮೀನೋ ರಸ್ತೆಯಲ್ಲಿ ದಿನಸಿ ಮುಗಿಸಿಕೊಂಡು, ಕರಿಬೇವು ಇಣುಕುತ್ತಿದ್ದ ಚೀಲವನ್ನು ಕಾಲ ಬಳಿ ಇಟ್ಟು ಕೂತಿದ್ದೆ. ಹಳೆಯ ಬಣ್ಣ ತೆಗೆಯಲು ಅಲ್ಲಿಯ ಹೆಂಗಸು ಹತ್ತಿಯ ಉಂಡೆಯನ್ನು ಅಸಿಟೋನಿನಲ್ಲಿ ಅದ್ದಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತಾನಾಗಿ ಅವಳ ಕೈಯ ಮೇಲೆ ನೆಟ್ಟಿತು. ಅಂಚು ಬಿಟ್ಟಳೇ? ಅದೇ ಹತ್ತಿಯನ್ನು ಎರಡನೆಯ ಉಗುರಿಗೂ ಬಳಸಿದಳೇ? ನೋಡುತ್ತ ನೋಡುತ್ತ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

“ಅಮ್ಮಾ, ಸ್ಟಾಪ್ ಸ್ಟೇರಿಂಗ್. ಶೀ ನೋಸ್ ಹರ್ ಜಾಬ್,” ಎಂದಳು ಮಗಳು.

ಸುಮ್ಮನೆ ಕೂತೆ. ಆದರೆ ಆ ವಾಸನೆಯ ಜೊತೆ ಹೇವರ್ಡಿನ ಆ ಚಳಿಗಾಲ ಪೂರ್ತಿ ಬಂದು ಎದುರಿಗೆ ನಿಂತಿತು.

ಆಗ ಮಗಳು ಒಂಬತ್ತನೆಯ ಕ್ಲಾಸು. ನಾನು ಹೇವರ್ಡಿನ ಒಂದು ಸಣ್ಣ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನು ಮತ್ತು ಮಾರಿಸೆಲ್, ಇಬ್ಬರೇ. ಕೊಲ್ಲಿಯ ಕಡೆಗೆ ಗೋಡೌನುಗಳ ಉದ್ದ ಸಾಲೊಂದಿದೆ. ಎಡಕ್ಕೆ ಟೈಲ್ಸ್ ಮಾರುವವರು, ಬಲಕ್ಕೆ ಮೆಕ್ಕೆಜೋಳದ ರೊಟ್ಟಿ ಮಾಡುವವರು, ನಡುವೆ ನಾವು. ಧಾರವಾಡದಲ್ಲಿ ಫಿಸಿಕ್ಸ್ ಎಂಎಸ್ಸಿ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಎಷ್ಟೋ ವರ್ಷ ಮನೆಯಲ್ಲಿ ಕೂತು, ಕೊನೆಗೆ ಕೆಲಸ ಮಾಡುವ ಪರವಾನಗಿ ಕೈಗೆ ಬಂದಾಗ ಸಿಕ್ಕ ಮೊದಲ ನೌಕರಿ ಅದು. ಕೊಡಿಸಿದವನು ನಂಜೇಶ.

ನಂಜೇಶ ಚನ್ನರಾಯಪಟ್ಟಣದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಯೂನಿಯನ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕಿನಲ್ಲಿ ಹೆಂಡತಿ ಸವಿತಾಳ ಜೊತೆ ಇದ್ದ. ಕಾರ್ಖಾನೆಯಲ್ಲಿ ಲೇಪ ಹಾಕುವ ಯಂತ್ರದ ಎಂಜಿನಿಯರು ಅವನೇ. ದಿನಾ ಬೆಳಿಗ್ಗೆ ಅವನ ಕಾರಿನಲ್ಲೇ ನಾನೂ ಹೋಗುತ್ತಿದ್ದೆ. ಹತ್ತು ನಿಮಿಷ ತಡವಾದರೂ ಹಾರ್ನ್ ಹೊಡೆಯುತ್ತಿರಲಿಲ್ಲ. “ಅಕ್ಕ, ಆರಾಮಾಗ್ ಬನ್ನಿ, ಮೆಷಿನ್ನು ನಮ್ಮನ್ ಬಿಟ್ಟು ಎಲ್ ಹೋಯ್ತದೆ” ಎನ್ನುತ್ತಿದ್ದ. ಒಂದು ಮಧ್ಯಾಹ್ನ ಹೇವರ್ಡಿನ ಪೇಟೆಗೆ ಕರೆದುಕೊಂಡು ಹೋಗಿ, ನೆಲದಡಿಯ ಭೂಕಂಪದ ಬಿರುಕು ಸರಿದು ಸರಿದು ಸೊಟ್ಟಗಾದ ಫುಟ್‌ಪಾತಿನ ಅಂಚುಗಲ್ಲನ್ನು ತೋರಿಸಿದ್ದ. ಜನ ಅದನ್ನು ದಾಟಿಕೊಂಡು ಕಾಫಿಗೆ ಹೋಗುತ್ತಿದ್ದರು. ಇವನು ಮಾತ್ರ ಕುಕ್ಕರಗಾಲಿನಲ್ಲಿ ಕೂತು, ಕಲ್ಲಿನ ಮೇಲೆ ಬೆರಳಾಡಿಸುತ್ತ, “ಎಷ್ಟ್ ನಿಧಾನಕ್ ಬಗ್ಗಿದೆ ನೋಡಿ” ಎಂದು ಮಗುವಿನ ಹಾಗೆ ಖುಷಿಪಟ್ಟಿದ್ದ.

ನಮ್ಮ ಕಾರ್ಖಾನೆ ಮಾಡುತ್ತಿದ್ದದ್ದು ಚಿನ್ನದ ಪಟ್ಟಿಗಳನ್ನು. ಹೆಸರು ದೊಡ್ಡದು; ಅದರಲ್ಲಿರುವ ಚಿನ್ನ ಒಂದು ಮೂಗುಬೊಟ್ಟಿಗೂ ಸಾಲದು. ಬೆರಳಗಲದ ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಚಿನ್ನದ ಪದರ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಎದೆಗೆ ಅದನ್ನು ಅಂಟಿಸುತ್ತಾರೆ. ಕೂಸು ಉಸಿರು ಎಳೆದಾಗ ಪಟ್ಟಿ ಒಂದಿಷ್ಟು ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಅದರಲ್ಲಿ ಹರಿಯುವ ಕರೆಂಟು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಉಸಿರು ನಿಂತರೆ ಯಂತ್ರ ಕೂಗುತ್ತದೆ. ನಾವು ಪಟ್ಟಿ ಮಾಡಿ ಇನ್ನೊಂದು ಕಂಪನಿಗೆ ಕೊಡುತ್ತಿದ್ದೆವು, ಅವರು ಆಸ್ಪತ್ರೆಗಳಿಗೆ.

ಚಿನ್ನ ಮೆತ್ತಗಿನ ಲೋಹ, ಎಳೆದಷ್ಟು ಬರುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅಷ್ಟು ತೆಳುವಾದಾಗ ಅದರ ಗುಣ ಬೇರೆ. ಕೆಳಗಿನ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದುಕೊಂಡಿರುವ ತನಕ ಅದರ ಜೊತೆಗೇ ಹಿಗ್ಗುತ್ತದೆ. ಎಲ್ಲೋ ಒಂದು ಕಡೆ ಹಿಡಿತ ಬಿಟ್ಟಿತೋ, ಎಳೆತವೆಲ್ಲ ಆ ಒಂದು ಜಾಗಕ್ಕೆ ಬಂದು ಬೀಳುತ್ತದೆ. ಅಲ್ಲಿ ಇನ್ನಷ್ಟು ಸೊರಗಿ, ಸೀಳುತ್ತದೆ. ಇದನ್ನು ನನಗೆ ಕಲಿಸಿದವನೂ ನಂಜೇಶನೇ, ಬೆಳಗಿನ ಫ್ರೀವೇ ಟ್ರಾಫಿಕ್ಕಿನಲ್ಲಿ, ಸ್ಟೀರಿಂಗಿನಿಂದ ಕೈ ತೆಗೆದು ತೆಗೆದು ತೋರಿಸುತ್ತ.

ಆ ವರ್ಷ ಮಳೆ ಬಿಡಲೇ ಇಲ್ಲ. ಇಲ್ಲಿಯ ಚಳಿಗಾಲದ ಮಳೆ ಸಾಮಾನ್ಯವಾಗಿ ಬಂದು ಹೋಗುವ ನೆಂಟ. ಆ ಸಲ ವಾರಗಟ್ಟಲೆ ಕೂತುಬಿಟ್ಟಿತು. ಗುಡ್ಡಗಳು ಹಸಿರಾದವು, ಫ್ರೀವೇ ಪಕ್ಕದ ಕಾಲುವೆಗಳು ತುಂಬಿದವು, ನಮ್ಮ ಗೋಡೌನಿನ ಹಿಂದಿನ ದೊಡ್ಡ ಶಟರಿನ ಕೆಳಗಿಂದ ನೀರು ನುಗ್ಗಿ ಚಾಪೆ ಹಾಸಬೇಕಾಯಿತು. ಡಿಸೆಂಬರಿನಲ್ಲಿ ಮೊದಲ ದೂರು ಬಂತು.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯ ನರ್ಸ್ ಬರೆದಿದ್ದಳು: ಕೂಸು ಚೆನ್ನಾಗಿ ಉಸಿರಾಡುತ್ತಿರುವಾಗಲೇ ಯಂತ್ರ ಕೂಗುತ್ತದೆ. ಓಡಿ ಬಂದು ನೋಡಿದರೆ ಏನೂ ಇಲ್ಲ. ಒಂದು ಪಾಳಿಯಲ್ಲಿ ಹಲವು ಸಲ ಹೀಗಾಯಿತು. ನಮಗೆ ಇದರ ಮೇಲೆ ನಂಬಿಕೆ ಹೋದರೆ ಏನು ಗತಿ?

ಆ ಕೊನೆಯ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಸುಳ್ಳು ಕೂಗನ್ನು ಹತ್ತು ಸಲ ಕೇಳಿದವರು ಹನ್ನೊಂದನೆಯ ಸಲ ನಿಧಾನವಾಗಿ ಏಳುತ್ತಾರೆ. ಹನ್ನೊಂದನೆಯದು ನಿಜವಿದ್ದರೆ? ಆ ಆಸ್ಪತ್ರೆಯಿಂದ ಹಿಂದಕ್ಕೆ ಬಂದ ಪಟ್ಟಿಗಳನ್ನು ನಂಜೇಶ ಮೇಜಿನ ಮೇಲೆ ಮಲಗಿಸಿ ಅಳೆದ. ಎಲ್ಲವೂ ಸರಿಯಾಗಿದ್ದವು. ನಮ್ಮ ಮ್ಯಾನೇಜರ್ ಡಗ್ ಓದಿ ನಕ್ಕ. “ಆಸ್ಪತ್ರೆಯವರು ಸರಿಯಾಗಿ ಅಂಟಿಸಿರುವುದಿಲ್ಲ,” ಎಂದ. ಜನವರಿಯಲ್ಲಿ ಇನ್ನೂ ಎರಡು ದೂರು ಬಂದವು, ಬೇರೆ ಬೇರೆ ಊರುಗಳಿಂದ. ಆ ಪಟ್ಟಿಗಳೂ ನಮ್ಮ ಮೇಜಿನ ಮೇಲೆ ಸರಿಯಾಗಿಯೇ ಇದ್ದವು.

ಆಗ ನನಗೆ ಅನುಮಾನ ಶುರುವಾಯಿತು. ನನ್ನ ಸ್ವಭಾವವೇ ಅಂಥದ್ದು. ಕೊತ್ತಂಬರಿ ಕಟ್ಟನ್ನು ಬಿಚ್ಚಿ ನೋಡದೆ ಕೊಂಡವಳಲ್ಲ. ಚಿನ್ನದ ಲೇಪ ಹಾಕಿದ ಪ್ರತಿ ಪ್ಲಾಸ್ಟಿಕ್ ರೋಲಿನಿಂದ ಹತ್ತು ಪಟ್ಟಿ ತೆಗೆದು ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಒಂದು ಸಣ್ಣ ಯಂತ್ರ ಪಟ್ಟಿಯನ್ನು ಪೆನ್ಸಿಲ್ ದಪ್ಪದ ಕೋಲಿನ ಸುತ್ತ ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ, ಹೀಗೆ ಸಾವಿರಾರು ಸಲ ಮಾಡುತ್ತದೆ. ಆಮೇಲೆ ಅದನ್ನು ಮೇಜಿನ ಮೇಲೆ ಮಲಗಿಸಿ, ಎರಡು ಸೂಜಿ ತಾಗಿಸಿ, ಕರೆಂಟಿಗೆ ಎಷ್ಟು ತಡೆ ಇದೆ ಎಂದು ಅಳೆದು ಬರೆಯಬೇಕು. ಬಿರುಕು ಬಿಟ್ಟಿದ್ದರೆ ತಡೆ ಏರುತ್ತದೆ. ಈ ಪರೀಕ್ಷೆ ಮಾಡುವವನು ನಂಜೇಶ. ಕಾಗದ ನೋಡಿ ಸಹಿ ಹಾಕುವವಳು ನಾನು.

ಒಂದು ಮಧ್ಯಾಹ್ನ ನವೆಂಬರಿನಿಂದ ಈಚಿನ ಕಾಗದಗಳನ್ನೆಲ್ಲ ಒಂದರ ಪಕ್ಕ ಒಂದು ಹರಡಿದೆ. ಅಂಕಿಗಳು ಒಂದೇ ತಾಯಿಯ ಮಕ್ಕಳ ಹಾಗಿದ್ದವು. ರೋಲು ಬೇರೆ, ದಿನ ಬೇರೆ, ಅಂಕಿ ಮಾತ್ರ ಹೆಚ್ಚೂಕಡಿಮೆ ಅದೇ. ನಿಜವಾಗಿ ಅಳೆದ ಅಂಕಿ ಇಷ್ಟು ವಿಧೇಯವಾಗಿ ಇರುತ್ತದೆಯೇ? ಕಾಲೇಜಿನಲ್ಲಿ ಪ್ರಯೋಗ ಮಾಡದೆ ರೆಕಾರ್ಡು ಬರೆಯುತ್ತಿದ್ದ ಗೆಳತಿಯರ ಅಂಕಿಗಳು ಹೀಗೇ ಇರುತ್ತಿದ್ದವು.

ಒಮ್ಮೆ ಕಣ್ಣಿಗೆ ಅನುಮಾನ ಮೆತ್ತಿಕೊಂಡರೆ ಎಲ್ಲವೂ ಅದೇ ಬಣ್ಣದಲ್ಲಿ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ನಂಜೇಶ ಪರೀಕ್ಷೆಯ ಕೋಣೆಯ ಪಕ್ಕದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಇಪ್ಪತ್ತು ನಿಮಿಷ ಬಿಟ್ಟು ಕೈ ತೊಳೆದುಕೊಂಡು, ಆಚೀಚೆ ನೋಡಿ ಹೊರಗೆ ಬರುತ್ತಿದ್ದ. ಎಲ್ಲರ ಜೊತೆ ಯಾಕೆ ಕೂರುವುದಿಲ್ಲ? ಕಾರಿನಲ್ಲಿ ಫೋನು ಬಂದರೆ “ಆಮೇಲ್ ಮಾಡ್ತೀನಿ” ಎಂದು ತಕ್ಷಣ ಇಟ್ಟುಬಿಡುತ್ತಿದ್ದ. ಯಾರ ಫೋನು?

ರಾತ್ರಿ ಅಡುಗೆ ಮಾಡುತ್ತ ಗಂಡ ಪ್ರಹ್ಲಾದನ ಮುಂದೆ ಹೇಳಿದೆ.

“ಹಂಗ್ಯಾಕ ಅನ್ಕೊಂತೀ? ನೆಟ್ಟಗ ಅವನ್ನss ಕೇಳು,” ಎಂದ ಪ್ರಹ್ಲಾದ.

“ಕೇಳಿದ್ರ ಹೌದು ಅಂತಾನೇನ? ಎಚ್ಚರ ಆಗ್ತಾನ, ಅಷ್ಟ.”

“ನಿನಗ ನೌಕರಿ ಕೊಡಿಸಿದಾಂವ ಅದಾನ, ನೆನಪಿರ್ಲಿ.”

“ಅದಕ್ಕss ಸುಮ್ನಿರಬೇಕೇನು? ಅವು ಕೂಸುಗೋಳು ಅದಾವ.”

ಪ್ರಹ್ಲಾದ ತಟ್ಟೆ ಹಾಕಲು ಎದ್ದ. ಗೆದ್ದೆ ಅನಿಸಿತು. ಕೂಸುಗಳ ಹೆಸರು ಹೇಳಿದರೆ ಯಾರಾದರೂ ಎದುರು ಮಾತಾಡುತ್ತಾರೆಯೇ?

ಮರುವಾರ ನಾನೊಂದು ಬಲೆ ಹೂಡಿದೆ. ಹೊಸ ರೋಲಿನ ಒಂದು ಪಟ್ಟಿಯನ್ನು ಎರಡು ಕ್ಲಿಪ್ಪುಗಳ ನಡುವೆ ಹಿಡಿದು, ಮಿತಿ ಮೀರಿ ಎಳೆದೆ. ಎಳೆದು ಹಿಡಿದಿದ್ದಾಗಲೇ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಬಂಗಾರದ ಬಯಲಿನ ಮೇಲೆ ಅಡ್ಡಡ್ಡಕ್ಕೆ ಕಪ್ಪು ಗೆರೆಗಳು, ಬಿಸಿಲಿಗೆ ಒಡೆದ ಎರೆಹೊಲದ ಹಾಗೆ. ಇನ್ನೇನು ಬೇಕು? ಸಡಿಲ ಬಿಟ್ಟು, ಹಿಂಬದಿಯ ಮೂಲೆಯಲ್ಲಿ ಸೂಜಿಯಿಂದ ಒಂದು ಚುಕ್ಕೆ ಚುಚ್ಚಿ, ನಂಜೇಶ ಪರೀಕ್ಷೆಗೆ ಇಟ್ಟಿದ್ದ ಹತ್ತರಲ್ಲಿ ಒಂದನ್ನು ತೆಗೆದು ಇದನ್ನು ಸೇರಿಸಿದೆ. ಒಂದು ಕ್ಷಣವೂ ಹಿಂಜರಿಯಲಿಲ್ಲ. ಇವತ್ತು ಅದನ್ನು ನೆನೆದರೆ ಅದೇ ಹೆಚ್ಚು ನಾಚಿಕೆ ತರಿಸುತ್ತದೆ.

ಮೂರು ದಿನದ ಮೇಲೆ ಕಾಗದ ಬಂತು. ಹತ್ತಕ್ಕೆ ಹತ್ತೂ ಪಾಸು. ಅಂಕಿಗಳು ಅವೇ.

ನಾನು ಕಾಗದ ತೆಗೆದುಕೊಂಡು ಡಗ್‌ನ ಕೋಣೆಗೆ ಹೋದೆ. ಚುಕ್ಕೆಯ ಕಥೆ ಹೇಳಿದೆ. ಡಗ್ ತಲೆ ಕೆಳಗೆ ಹಾಕಿ ಪೂರ್ತಿ ಕೇಳಿದ. ಅವನು ಎಷ್ಟು ಬೇಗ ಒಪ್ಪಿಕೊಂಡ ಎನ್ನುವುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಥ್ಯಾಂಕ್ ಯೂ ವಿದ್ಯಾ. ಇದನ್ನು ಹೇಳೋದು ಸುಲಭ ಅಲ್ಲ ಅಂತ ನನಗೆ ಗೊತ್ತು. ನಿನ್ನ ಹೆಸರು ಹೊರಗೆ ಬರುವುದಿಲ್ಲ,” ಎಂದ.

ಅದೇ ದಿನ ಮೂರು ಗಂಟೆಗೆ ನಂಜೇಶನ ಬ್ಯಾಡ್ಜು, ಲ್ಯಾಪ್‌ಟಾಪು ತೆಗೆದುಕೊಂಡರು. ತನಿಖೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದರು. ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಅವನು ನನ್ನ ಮೇಜಿನ ಹತ್ತಿರ ಬಂದ. ಮುಖ ಬಿಳಚಿಕೊಂಡಿತ್ತು. ಹಿಂದೆ ಡಗ್ ನಿಂತಿದ್ದ.

“ಅಕ್ಕ, ನಾನ್ ಈಗ್ಲೇ ಹೊರಡ್ಬೇಕಂತೆ. ಮಳೆ ಬೇರೆ. ನೀವ್ ಮನೇಗ್ ಹೆಂಗ್ ಹೋಯ್ತೀರಾ?”

ನಾನು ರೈಲಿಗೆ ಹೋಗುತ್ತೇನೆ ಎನ್ನಬೇಕಿತ್ತು. ಅವನ ಹಿಂದೆ ಹೊರಟು, ದಿನದ ಹಾಗೆ ಅವನ ಕಾರಿನ ಮುಂದಿನ ಸೀಟಿನಲ್ಲಿ ಕೂತೆ.

880 ಫ್ರೀವೇಯಲ್ಲಿ ಗಾಡಿಗಳು ಇರುವೆಯ ಹಾಗೆ ಹರಿಯುತ್ತಿದ್ದವು. ವೈಪರು ಎಷ್ಟು ಜೋರಾಗಿ ಆಡಿದರೂ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವನು ತನ್ನಷ್ಟಕ್ಕೇ ಹೇಳಿಕೊಳ್ಳುವವನ ಹಾಗೆ ಶುರುಮಾಡಿದ.

“ಟೆಸ್ಟೇ ಮಾಡ್ದೆ ಬರ್ದಿದೀನಂತೆ ಅಕ್ಕ. ಅವ್ರ ಹತ್ರ ಪ್ರೂಫ್ ಅದೆಯಂತೆ. ಏನ್ ಪ್ರೂಫು ಅಂದ್ರೆ ಹೇಳಾಕಿಲ್ಲ.”

ನಾನು ಕಿಟಕಿಯ ಕಡೆ ನೋಡಿದೆ.

“ಒಳಗಿನೋರೇ ಯಾರೋ ಹೇಳಿರ್ಬೇಕು. ನಂಗೇನೋ ಆ ಪಕ್ಕದ ಟೈಲ್ಸ್ ಅಂಗ್ಡಿ ಬಿಟ್ಟು ನಮ್ಮಲ್ಲಿಗ್ ಸೇರಿದ ಹೊಸ ಹುಡ್ಗನ್ ಮೇಲೇ ಡೌಟು. ನೀವ್ ಏನಂತೀರಾ?”

“ನನಗ್ ಗೊತ್ತಿಲ್ಲ ನಂಜೇಶ,” ಎಂದೆ.

“ವೀಸಾದ್ದೇ ಚಿಂತೆ. ಕೆಲ್ಸದಿಂದ ತೆಗೆದ್ರೆ ಅರವತ್ತೇ ದಿನ. ಅಷ್ಟ್ರಲ್ಲಿ ಬೇರೆ ಸಿಗ್ಬೇಕು, ಇಲ್ಲ ಗಂಟು ಕಟ್ಬೇಕು. ಲಾಯರ್ ದಿನಾ ಫೋನ್ ಮಾಡ್ತಿದ್ರು, ಪೇಪರ್ಸ್ ಇನ್ನೇನ್ ಆಗೋಯ್ತವೆ ಅಂತ. ನಿಮ್ ಎದುರಿಗ್ ಅದೆಲ್ಲ ಮಾತಾಡದ್ ಯಾಕೆ ಅಂತ ಇಟ್ಬಿಡ್ತಿದ್ದೆ.”

ಯಾರ ಫೋನು ಎಂದು ಆಗ ತಿಳಿಯಿತು. ಒಂದು ಅನುಮಾನ ಕಳಚಿ ಬಿತ್ತು. ಆದರೆ ಚುಕ್ಕೆಯ ಪಟ್ಟಿ? ಅದಕ್ಕೇನು ಹೇಳುತ್ತಾನೆ? ಮನಸ್ಸು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ನಮ್ಮ ಬ್ಲಾಕಿನ ಮುಂದೆ ಇಳಿಸಿ, “ನಾಳೆಯಿಂದ ನಿಮ್ಗೆ ರೈಡ್ ಇಲ್ವಲ್ಲ ಅಕ್ಕ, ಸಾರಿ,” ಎಂದ. ನಾನು ಬಾಗಿಲು ಹಾಕಿ ಓಡಿದೆ.

ಅವನ ಕೆಲಸ ನಮ್ಮ ಪಾಲಿಗೆ ಬಂತು. ಮಾರಿಸೆಲ್ ಫಿಲಿಪೀನ್ಸಿನವಳು, ಇಪ್ಪತ್ತು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಬದುಕಿದವಳು, ಹೆಚ್ಚು ಮಾತಿಲ್ಲ. ಮೊದಲ ದಿನವೇ ಸಾಮಾನಿನ ಕೋಣೆಯ ಬಾಗಿಲು ತೆಗೆದು, “ಪಾಪ, ಅವನ ಡಬ್ಬಿ ಇಲ್ಲೇ ಇದೆ,” ಎಂದು ಒಂದು ಸ್ಟೀಲಿನ ಡಬ್ಬಿ ತಂದುಕೊಟ್ಟಳು. ತಳದಲ್ಲಿ ರಾಗಿ ಮುದ್ದೆಯ ತುಣುಕು ಒಣಗಿ ಅಂಟಿತ್ತು.

“ಇಲ್ಲಿ ಯಾಕೆ ತಿನ್ನುತ್ತಿದ್ದ?” ಎಂದೆ.

“ನಿನಗೆ ಗೊತ್ತಿಲ್ಲವೇ? ಒಂದು ಸಲ ಊಟದ ಕೋಣೆಯಲ್ಲಿ ಅದನ್ನು ಕೈಯಲ್ಲಿ ನುಂಗುವುದನ್ನು ನೋಡಿ ಯಾರೋ ಮುಖ ಸಿಂಡರಿಸಿದರು. ಆಮೇಲೆ ಆ ಕಡೆ ಹೋಗಲೇ ಇಲ್ಲ. ನಾನೂ ಒಣಮೀನು ಇಲ್ಲೇ ತಿನ್ನೋದು.”

ಎರಡನೆಯ ಅನುಮಾನವೂ ಹೋಯಿತು. ನಾನು ಡಬ್ಬಿ ತೊಳೆದಿಟ್ಟೆ. ಆದರೂ ಚುಕ್ಕೆಯ ಪಟ್ಟಿ ಇದೆಯಲ್ಲ ಎಂದುಕೊಂಡೆ.

ತನಿಖೆಯ ಕಡತಕ್ಕೆ ಆ ಪಟ್ಟಿಯ ನಿಜವಾದ ಅಂಕಿ ಬೇಕು ಎಂದು ಡಗ್ ಹೇಳಿದ್ದ. ಒಂದು ಬುಧವಾರ ಹಳೆಯ ಮಾದರಿಗಳ ಚೀಲದಿಂದ ಅದನ್ನು ಹುಡುಕಿ ತೆಗೆದೆ. ಮೂಲೆಯಲ್ಲಿ ಚುಕ್ಕೆ ಸ್ಪಷ್ಟವಾಗಿತ್ತು. ಅಸಿಟೋನಿನಿಂದ ತುದಿ ಒರೆಸಿ, ಮೇಜಿನ ಮೇಲೆ ಮಲಗಿಸಿ, ಎರಡು ಸೂಜಿ ತಾಗಿಸಿದೆ.

ಪಾಸು.

ಸೂಜಿ ಸರಿಯಾಗಿ ಕೂತಿಲ್ಲ ಎಂದುಕೊಂಡು ಮತ್ತೆ ತಾಗಿಸಿದೆ. ಪಾಸು. ಮೀಟರು ಕೆಟ್ಟಿದೆ ಎಂದು ಬೇರೆ ಮೀಟರು ತಂದೆ. ನಂಜೇಶ ಬರೆದ ಅಂಕಿಯೇ ಬಂತು. ನನ್ನ ಕೈಯಾರೆ ಹರಿದ ಪಟ್ಟಿ ನನ್ನ ಕೈಯಾರೆ ಪಾಸಾಗುತ್ತಿತ್ತು. ಮಾರಿಸೆಲ್‌ಳನ್ನು ಕೂಗಿದೆ.

ಅವಳು ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. “ಇದರಲ್ಲಿ ಬಿರುಕೇ ಇಲ್ಲವಲ್ಲ,” ಎಂದಳು.

“ಇದೆ. ನಾನೇ ಮಾಡಿದ್ದು. ನಾನೇ ನೋಡಿದ್ದು.”

“ನೋಡುವಾಗ ಹೇಗೆ ಹಿಡಿದಿದ್ದೆ?”

ಎಳೆದು ಹಿಡಿದಿದ್ದೆ. ಹಾಗೆಂದೇ ಹೇಳಿದೆ. ಮಾರಿಸೆಲ್ ಪಟ್ಟಿಯ ಎರಡೂ ತುದಿ ಹಿಡಿದು ಆ ಕೋಲಿನ ಮೇಲೆ ಬಗ್ಗಿಸಿ ಮತ್ತೆ ಮಸೂರದ ಕೆಳಗೆ ತಂದಳು. ಕಪ್ಪು ಗೆರೆಗಳು ಒಂದೊಂದಾಗಿ ಬಾಯಿ ಬಿಟ್ಟವು. ಬಿಟ್ಟಳು, ಮುಚ್ಚಿಕೊಂಡವು. ಪ್ಲಾಸ್ಟಿಕ್ಕು ಹಿಂದಕ್ಕೆ ಕುಗ್ಗಿದಾಗ ಹರಿದ ಚಿನ್ನದ ಅಂಚುಗಳು ಬಂದು ಒಂದಕ್ಕೊಂದು ತಾಗಿ ಕೂರುತ್ತಿದ್ದವು, ಕರೆಂಟು ಏನೂ ಆಗದ ಹಾಗೆ ಹರಿಯುತ್ತಿತ್ತು. ಬಗ್ಗಿಸಿ ಹಿಡಿದುಕೊಂಡೇ ಸೂಜಿ ತಾಗಿಸಿದೆವು. ಮೀಟರಿನ ಅಂಕಿ ಹುಚ್ಚೆದ್ದು ಮೇಲಕ್ಕೆ ಹಾರಿತು.

ಕೂಸು ಉಸಿರು ಎಳೆದಾಗ ಪಟ್ಟಿ ಸತ್ತು, ಬಿಟ್ಟಾಗ ಬದುಕುತ್ತಿತ್ತು. ನರ್ಸ್ ಹೇಳಿದ್ದು ಅಕ್ಷರಶಃ ನಿಜ. ಹಿಂದಕ್ಕೆ ಬಂದ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಬಗ್ಗಿಸಿ ಅಳೆದೆವು. ಹೆಚ್ಚಿನವೆಲ್ಲ ಹಾಗೇ. ಎಲ್ಲ ರೋಲುಗಳ ಅಂಕಿ ಒಂದೇ ಬಂದದ್ದೂ ಇದಕ್ಕೇ. ಎಲ್ಲವನ್ನೂ ನಾವು ಮಲಗಿಸಿ ಅಳೆಯುತ್ತಿದ್ದೆವು. ನಂಜೇಶ ಪ್ರತಿಯೊಂದನ್ನೂ ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದ್ದ. ಪರೀಕ್ಷೆಯೇ ತಪ್ಪಾಗಿತ್ತು. ಹಾಗೆ ಅಳೆಯಬೇಕು ಎಂದು ಬರೆದ ಪದ್ಧತಿಯ ಪುಟದ ಕೆಳಗೆ ಡಗ್‌ನ ಸಹಿ ಇತ್ತು, ನಂಜೇಶ ಆ ಕಾರ್ಖಾನೆಗೆ ಸೇರುವುದಕ್ಕಿಂತ ಎಷ್ಟೋ ಮೊದಲಿನದು.

ಆಗ ನನ್ನ ಅನುಮಾನ ಇನ್ನೊಂದು ಕಡೆ ತಿರುಗಿತು. ತನಿಖೆಯ ಕಡತದಲ್ಲಿ ನಂಜೇಶನ ಹಳೆಯ ಈಮೇಲುಗಳಿದ್ದವು. ನಾನು ಅವುಗಳನ್ನು ತೆರೆದೂ ನೋಡಿರಲಿಲ್ಲ. ಆ ಸಂಜೆ ಕೂತು ಓದಿದೆ. ನವೆಂಬರಿನ ಒಂದರಲ್ಲಿ ಅವನು ಡಗ್‌ಗೆ ಬರೆದಿದ್ದ: ಪ್ಲಾಸ್ಟಿಕ್ಕಿನ ರೋಲುಗಳನ್ನು ಹಿಂದಿನ ಶಟರಿನ ಹತ್ತಿರ ಇಡಬೇಡಿ, ಈ ಮಳೆಗೆ ತೇವ ಹೀರುತ್ತವೆ, ತೇವ ಹೀರಿದ ಪ್ಲಾಸ್ಟಿಕ್ಕಿನ ಮೇಲೆ ಚಿನ್ನದ ಹಿಡಿತ ಸಡಿಲವಾಗುತ್ತದೆ. ಡಗ್ ಒಂದೇ ಸಾಲಿನ ಉತ್ತರ ಕೊಟ್ಟಿದ್ದ: ಜಾಗ ಇಲ್ಲ, ಟೆಸ್ಟಿನಲ್ಲಿ ಪಾಸಾಗುತ್ತಿದೆಯಲ್ಲ.

ನಾನು ಚುಕ್ಕೆಯ ಕಥೆ ಹೇಳಿದ ದಿನ ಡಗ್ ಯಾಕೆ ಒಂದೂ ಪ್ರಶ್ನೆ ಕೇಳಲಿಲ್ಲ? ದೂರುಗಳಿಗೆ ಒಬ್ಬ ಮನುಷ್ಯ ಕಾರಣ ಎಂದಾದರೆ ರೋಲುಗಳ ಮಾತೇ ಏಳುವುದಿಲ್ಲ. ಅವನಿಗೆ ಗೊತ್ತಿತ್ತೇ, ಅಥವಾ ಅವನೂ ನನ್ನ ಹಾಗೆ ಸುಲಭವಾದದ್ದನ್ನು ನಂಬಿದನೇ? ನನಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟಂತೂ ಗೊತ್ತು, ಅವನಿಗೆ ಬೇಕಾದ ಕತ್ತಿಯನ್ನು ನಾನೇ ಹರಿತ ಮಾಡಿ ಕೈಗೆ ಕೊಟ್ಟಿದ್ದೆ.

ಡಗ್‌ಗೆ ಮಾತ್ರ ಹೇಳಿದರೆ ಈ ವಿಷಯ ಅವನ ಕೋಣೆಯಲ್ಲೇ ಉಳಿಯಬಹುದು ಎಂಬ ಭಯ ಹತ್ತಿತು. ಮಾರಿಸೆಲ್ ಜೊತೆ ಕೂತು ನಾಲ್ಕು ಪುಟ ಬರೆದೆ. ಬಲೆ ಹೂಡಿದವಳು ನಾನು, ತಪ್ಪು ತಿಳಿದವಳು ನಾನು, ಅದೇ ಪಟ್ಟಿ ನನ್ನ ಕೈಯಲ್ಲೂ ಪಾಸಾಯಿತು, ನವೆಂಬರಿನಿಂದ ಹೋದ ಪಟ್ಟಿಗಳನ್ನು ತಕ್ಷಣ ಹಿಂದಕ್ಕೆ ತರಿಸಬೇಕು. ನಮ್ಮ ಪಟ್ಟಿ ಕೊಳ್ಳುವ ಕಂಪನಿಯ ಕ್ವಾಲಿಟಿಯವರಿಗೂ ಡಗ್‌ಗೂ ಒಂದೇ ಸಲ ಕಳಿಸಿದೆ. ಬಟನ್ ಒತ್ತುವ ಮೊದಲು ಮಾರಿಸೆಲ್ ನನ್ನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಟೈಪ್ ಮಾಡಿದಳು. ನಾನು ಕೇಳಿರಲಿಲ್ಲ.

ಅಲ್ಲಿಂದ ಸೀದಾ ರೈಲು ಹಿಡಿದು ನಂಜೇಶನ ಮನೆಗೆ ಹೋದೆ. ಸವಿತಾ ಬಾಗಿಲು ತೆಗೆದಳು. ಮದ್ದೂರಿನ ಹುಡುಗಿ, ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಅಡುಗೆಮನೆಯನ್ನು ತಾನೇ ವಹಿಸಿಕೊಳ್ಳುತ್ತಿದ್ದವಳು. “ಬನ್ನಿ ಅಕ್ಕ, ಕಾಫಿ ಇಡ್ತೀನಿ,” ಎಂದಳು. ಮುಂದಿನ ಕೋಣೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ನಂಜೇಶ ನೆಲದ ಮೇಲೆ ಕೂತು ಕಾಗದ ಜೋಡಿಸುತ್ತಿದ್ದ.

ಕೂರದೆ, ನಿಂತುಕೊಂಡೇ ಹೇಳಿಬಿಟ್ಟೆ. ಚುಕ್ಕೆಯಿಂದ ಹಿಡಿದು ಎಲ್ಲ. ಕಾರಿನಲ್ಲಿ ಸುಮ್ಮನಿದ್ದದ್ದನ್ನೂ.

ಸವಿತಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. “ನೀವಾ ಅಕ್ಕ?” ಎಂದಳು. “ಇವ್ರು ಇಷ್ಟ್ ದಿನ ಆ ಹುಡ್ಗನ್ನ ಬಯ್ಕೊಂಡಿದ್ರು. ನಾನೂ ಬಯ್ದೆ. ನೀವಾ?”

ನಂಜೇಶ ತಲೆಯೆತ್ತಲಿಲ್ಲ. ಅವನು ಕೇಳಿದ್ದು ನಾನು ಎಣಿಸದ ಪ್ರಶ್ನೆ.

“ಬಗ್ಗಿಸಿದಾಗ ಎಷ್ಟ್ ಬಂತು?”

ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ. “ಬಗ್ಗಿಸ್ಕೊಂಡೇ ಅಳೀಬೇಕಿತ್ತು. ನಂಗೆ ಹೊಳೀಲೇ ಇಲ್ಲ. ಇಷ್ಟ್ ದಿನ ಆ ಕೂಸ್ಗಳ ಎದೆ ಮೇಲೆ…” ಎಂದು ನಿಲ್ಲಿಸಿದ. ಆಮೇಲೆ, “ನನ್ನನ್ನ ಒಂದ್ ಮಾತು ಕೇಳಿದ್ದಿದ್ರೆ ಇಬ್ರೂ ಕೂತು ಅವತ್ತೇ ನೋಡ್ತಿದ್ವಿ,” ಎಂದ.

ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಸವಿತಾ ಆ ಕಡೆ ಹೋಗಲಿಲ್ಲ. ನಾನೇ ಹೋಗಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಯಾರೂ ತಡೆಯಲಿಲ್ಲ.

ಪಟ್ಟಿಗಳನ್ನು ಹಿಂದಕ್ಕೆ ತರಿಸಿದರು. ಯಾವ ಕೂಸಿಗೂ ಏನೂ ಆಗಿರಲಿಲ್ಲ. ಆ ನರ್ಸ್ ಮತ್ತು ಅವಳ ಜೊತೆಯವರು ಯಂತ್ರ ಬಿಟ್ಟು ತಮ್ಮ ಕಣ್ಣನ್ನು ನಂಬಿ ಎದೆಯ ಏರಿಳಿತ ಎಣಿಸುತ್ತಿದ್ದರಂತೆ. ರೋಲುಗಳು ಬೆಚ್ಚಗಿನ ಒಣ ಕೋಣೆಗೆ ಹೋದವು. ಡಗ್ ನನ್ನೊಂದಿಗೆ ಮಾತು ನಿಲ್ಲಿಸಿದ. ಬೇಸಿಗೆಯ ಹೊತ್ತಿಗೆ ಬೇರೆಲ್ಲೋ ದೊಡ್ಡ ಹುದ್ದೆಗೆ ಹೋದ. ನಂಜೇಶನನ್ನು ಮಾರ್ಚಿನಲ್ಲಿ ವಾಪಸು ಕರೆದರು. ವೀಸಾದ ಕಾಗದಕ್ಕೆ ತೊಂದರೆಯಾಗಲಿಲ್ಲ.

ಅವನು ಬಂದ ಮೊದಲ ಬೆಳಿಗ್ಗೆ ಪರೀಕ್ಷೆಯ ಕೋಣೆಯಿಂದ ಕರೆದ. “ಮೇಡಂ, ಒಂದ್ ನಿಮಿಷ ಬರ್ತೀರಾ?”

ಮೂರು ವರ್ಷ ಅಕ್ಕ ಎಂದವನು. ಹೋದೆ. ಪಟ್ಟಿಯನ್ನು ಕೋಲಿನ ಮೇಲೆ ಬಗ್ಗಿಸಿ ಹಿಡಿದು ನಿಂತಿದ್ದ.

“ನಿಮ್ ಎದುರಿಗೇ ಅಳೀತೀನಿ. ಮೀಟರ್ ನೀವೇ ಓದಿ.”

“ನಂಜೇಶ, ಹಿಂಗ್ ಮಾಡಬ್ಯಾಡ.”

“ಇಲ್ಲ ಮೇಡಂ, ಓದಿ.”

ಓದಿದೆ. ಬರೆದ. ಹತ್ತು ಪಟ್ಟಿಗೂ ಹಾಗೇ. ಮರುದಿನವೂ ಹಾಗೇ. ಹೊಸ ಪದ್ಧತಿ ಬರೆಯುವ ಕೆಲಸ ನನಗೆ ಬಂದಾಗ, ಅಳೆಯುವವರೊಬ್ಬರು, ನೋಡುವವರೊಬ್ಬರು, ಪ್ರತಿ ಕಾಗದಕ್ಕೂ ಎರಡು ಸಹಿ ಎಂದು ಬರೆದೆ. ಇನ್ನು ಮುಂದೆ ಯಾರೊಬ್ಬರ ಮೇಲೂ ಅನುಮಾನ ಬೀಳಬಾರದು ಎಂದೇ ಬರೆದದ್ದು. ನಂಜೇಶ ಅದನ್ನು ಓದಿ, ತನ್ನ ಹೆಸರಿನ ಮುಂದೆ ಸಹಿ ಹಾಕಿ ಕೊಟ್ಟ.

ಏಪ್ರಿಲ್ ಕೊನೆಗೆ ಅವನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಮಳೆ ನಿಂತು, ಗುಡ್ಡಗಳ ಹುಲ್ಲು ಹಳದಿಗೆ ತಿರುಗುತ್ತಿತ್ತು. ಕೊನೆಯ ದಿನ ಪಾರ್ಕಿಂಗಿನ ತನಕ ಅವನ ಹಿಂದೆ ಹೋದೆ. ತಪ್ಪಾಯಿತು ಎಂದು ಅಷ್ಟು ದಿನದಲ್ಲಿ ಎಷ್ಟು ಸಲ ಹೇಳಿದ್ದೆನೋ; ಮತ್ತೊಮ್ಮೆ ಹೇಳಿದೆ.

“ನೀವ್ ನಿಮ್ ಕೆಲ್ಸ ಮಾಡಿದ್ರಿ ಮೇಡಂ. ಅದ್ರಿಂದ್ಲೇ ಬಿರುಕು ಸಿಕ್ಕಿದ್ದು. ಸಿಟ್ಟೇನಿಲ್ಲ ನಂಗೆ,” ಎಂದ. ಕಾರಿನ ಬಾಗಿಲು ಹಿಡಿದು ನಿಂತ. “ಒಂದೇ ಕಷ್ಟ. ಈಗ ನಾನ್ ಅಳೆದದ್ನ ನಾನೇ ನಂಬಾಕಾಗಲ್ಲ. ಮೂರ್ ಸಲ ನೋಡ್ತೀನಿ. ಮನೇಲಿ ಗ್ಯಾಸ್ ಆರ್ಸಿದ್ರೂ ಮತ್ತೆ ಎದ್ದೋಗಿ ನೋಡ್ತೀನಿ. ಸವಿತಾ ನಗ್ತಾಳೆ.”

ಅವನು ಕಾರು ಹಿಂದಕ್ಕೆ ತೆಗೆದು, ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ, ರಸ್ತೆಗೆ ಇಳಿದ.

ಒಳಗೆ ಬಂದೆ. ಆ ದಿನದ ಹತ್ತು ಪಟ್ಟಿ ಉಳಿದಿದ್ದವು. ಒಂದೊಂದನ್ನೇ ಬಗ್ಗಿಸಿ ಹಿಡಿದು ಅಳೆದೆ. ಎಲ್ಲವೂ ಚೆನ್ನಾಗಿದ್ದವು, ಒಣ ಕೋಣೆಯ ರೋಲಿನವು. ಕಾಗದದ ಕೆಳಗೆ ಸಹಿ ಹಾಕಿದೆ. ಪಕ್ಕದಲ್ಲಿ ಎರಡನೆಯ ಸಹಿಯ ಜಾಗ ಖಾಲಿ ಇತ್ತು. ಮಾರಿಸೆಲ್ ಬೇಗ ಮನೆಗೆ ಹೋಗಿದ್ದಳು. ಇಡೀ ಗೋಡೌನಿನಲ್ಲಿ ನನ್ನ ಕೈ ನೋಡುವವರು ಯಾರೂ ಇರಲಿಲ್ಲ. ಹತ್ತು ಪಟ್ಟಿಗಳನ್ನೂ ಮತ್ತೆ ಡಬ್ಬಿಗೆ ಹಾಕಿ, ಕಾಗದವನ್ನು ಹರಿದು, ನಾಳೆ ಅವಳು ಬಂದ ಮೇಲೆ ಮೊದಲಿನಿಂದ ಅಳೆಯಬೇಕೆಂದು ದೀಪ ಆರಿಸಿದೆ.